ಇಂಜಿನ್‌ನ ಟ್ರೇ

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿದ್ದವು, ಇಬ್ಬರು ಹೆಂಗಸರಿದ್ದೆವು. ಬೆಕ್ಕುಗಳಿಗೆ ಪರಸ್ಪರ ಆಗಿಬರುತ್ತಿರಲಿಲ್ಲ. ನಮ್ಮಿಬ್ಬರಿಗೆ ಆಗಿಬರುತ್ತದೋ ಇಲ್ಲವೋ ಎಂದು ನೋಡುವ ಪ್ರಸಂಗವೇ ಇಪ್ಪತ್ತೆಂಟು ವರ್ಷ ಬಂದಿರಲಿಲ್ಲ. ನಡುವೆ ಅಣ್ಣ ಇದ್ದ. ಅವನು ಹೋಗಿ ಎರಡು ತಿಂಗಳಿಗೆ ಅತ್ತಿಗೆ ನನ್ನ ಮನೆಗೆ ಬಂದರು. ಒಂದು ಹೊಲಿಗೆ ಯಂತ್ರ, ಎರಡು ಸೂಟ್‌ಕೇಸು, ಹಳೆಯ ಬೆಡ್‌ಶೀಟಿನಿಂದ ಬಾಯಿ ಬಿಗಿದ ಒಂದು ಪ್ಲಾಸ್ಟಿಕ್ ಕ್ರೇಟು ತಂದಿದ್ದರು. ಕ್ರೇಟಿನೊಳಗೆ ಇಂಜಿನ್ ಇದ್ದ.

ಅಣ್ಣ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಆರು ವರ್ಷದ ಹಿಂದೆ ಒಂದು ಚಳಿಯ ಬೆಳಗ್ಗೆ ವ್ಯಾನಿನ ಬಾನೆಟ್ ಎತ್ತಿದರೆ ಒಳಗೆ ಗ್ರೀಸು ಮೆತ್ತಿಕೊಂಡ ಅಂಗೈಯಗಲದ ಮರಿ. ಒರೆಸಿ ಒರೆಸಿ ನೋಡಿದಾಗ ಹಳದಿ ಬಣ್ಣ ಹೊರಬಂತಂತೆ. ಅಷ್ಟು ಹೊತ್ತೂ ಅದರ ಗುರುಗುರು ನಿಂತಿರಲಿಲ್ಲವಂತೆ. "ನನ್ನ ವ್ಯಾನಿಗಿಂತ ಇದರ ಇಂಜಿನ್ನೇ ಚೆನ್ನಾಗಿದೆ" ಎಂದ ಅಣ್ಣ. ಅದೇ ಹೆಸರಾಯಿತು. ಮಕ್ಕಳಿಲ್ಲದ ಮನೆ. ಬೆಕ್ಕು ತಟ್ಟೆಯಿಂದ ತಿಂದು, ದಿಂಬಿನ ಮೇಲೆ ಮಲಗಿ, ಐದಾರು ಕೇಜಿ ತೂಗುವ ಯಜಮಾನನಾಗಿ ಬೆಳೆಯಿತು.

ನನ್ನ ಬೆಕ್ಕಿನ ಹೆಸರು ಮೇಡಂ. ಅದೂ ಅಣ್ಣ ಇಟ್ಟದ್ದೇ. ನಾನು ಒಂದು ರಕ್ತ-ಮೂತ್ರ ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಾರೆ, ಹೆದರುತ್ತಾರೆ ಕೂಡ. "ಅಲ್ಲಿ ನೀನು ಮೇಡಂ, ಮನೇಲಿ ಇವಳು ಮೇಡಂ" ಎಂದು ಅಣ್ಣ ನಗುತ್ತಿದ್ದ. ಕಪ್ಪು ಬಣ್ಣದ, ಹತ್ತು ದಾಟಿದ ಹೆಣ್ಣು ಬೆಕ್ಕು. ಯಾರೂ ತನ್ನನ್ನು ಎತ್ತಬಾರದು, ಕರೆಯಬಾರದು, ತನ್ನ ಕುರ್ಚಿಯಲ್ಲಿ ಕೂರಬಾರದು. ನನಗೆ ಅವಳ ಸ್ವಭಾವ ಅರ್ಥವಾಗುತ್ತದೆ.

ಬೆಳಗ್ಗೆ ಏಳಕ್ಕೆ ಲ್ಯಾಬಿನ ಕಿಟಕಿ ತೆಗೆದರೆ ಸಾಲು ನಿಂತಿರುತ್ತದೆ. ದೊಡ್ಡ ದೊಡ್ಡ ಗಂಡಸರು ಮೂತ್ರದ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ಕಳ್ಳಮಾಲಿನ ಹಾಗೆ ತಂದುಕೊಡುತ್ತಾರೆ. ಅರ್ಧ ಡಬ್ಬಿ ತಂದವರಿಗೆ, ಮುಚ್ಚಳ ಬಿಗಿಯದವರಿಗೆ, ಹೆಸರು ಅಂಟಿಸದವರಿಗೆ ನನ್ನಿಂದ ಮಂಗಳಾರತಿ. ಕೆಲವರು ಖಾಲಿ ಡಬ್ಬಿ ಹಿಡಿದು ತಲೆ ತಗ್ಗಿಸಿ ನಿಲ್ಲುತ್ತಾರೆ. "ಬರಲಿಲ್ಲ ಮೇಡಂ" ಎನ್ನುತ್ತಾರೆ. ಅವರನ್ನು ಮಾತ್ರ ಬೈಯುವುದಿಲ್ಲ. "ಬರಲಿಲ್ಲ ಅನ್ನೋದೂ ಒಂದು ರಿಪೋರ್ಟೇ. ಸುಮ್ಮನೆ ಮನೆಗೆ ಹೋಗ್ಬೇಡಿ, ಮೊದ್ಲು ಡಾಕ್ಟರಿಗೆ ಹೇಳಿ" ಎಂದು ಕಳಿಸುತ್ತೇನೆ. ಈ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ.

ಅತ್ತಿಗೆ ಬಂದ ದಿನವೇ ಮೊದಲ ತಪ್ಪು ನಡೆಯಿತು. ಕ್ರೇಟನ್ನು ಹಜಾರದ ನಡುವೆ ಇಟ್ಟು ಬೆಡ್‌ಶೀಟು ಬಿಚ್ಚಿದರು.

"ಒಳಗೆ ತಗೊಂಡು ಹೋಗಿ ಬಿಚ್ಚಿ ಅತ್ತಿಗೆ, ಅವಳು ಇಲ್ಲೇ ಇದಾಳೆ" ಎಂದೆ.

"ಇರ್ಲಿ ಬಿಡು. ಎರಡು ದಿನ ಕಿತ್ತಾಡ್ತವೆ, ಆಮೇಲೆ ತಾವೇ ಸರಿಹೋಗ್ತವೆ. ನಾವು ಹೊಂದ್ಕೊಳ್ಳಲ್ವಾ?" ಎಂದರು.

ನಾವು ಬಾಯಿಮಾತಿಗೆ ಹೊಂದಿಕೊಳ್ಳುತ್ತೇವೆ. ಬೆಕ್ಕಿಗೆ ಆ ವಿದ್ಯೆ ಬರುವುದಿಲ್ಲ. ಮೇಡಂ ಕುರ್ಚಿಯಿಂದ ಹಾರಿದ್ದು ಮಾತ್ರ ನೋಡಿದೆ. ಮುಂದಿನ ಅರ್ಧ ನಿಮಿಷ ಹಜಾರದಲ್ಲಿ ಕಪ್ಪು ಹಳದಿ ಕೂದಲು ಹಾರಾಡಿತು. ಪರದೆ ಕಿತ್ತುಬಂತು. ಕೊನೆಗೆ ಇಂಜಿನ್ ಒಳಗಿನ ಕೋಣೆಯ ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡು ಕುಳಿತ. ಅಷ್ಟು ದೊಡ್ಡ ಮೈಯವನು ಹೆದರಿ ಅಲ್ಲೇ ಉಚ್ಚೆ ಹೊಯ್ದುಕೊಂಡಿದ್ದ. ಮೇಡಂ ಕಿವಿಯ ತುದಿ ಹರಿದಿತ್ತು.

ಎರಡನ್ನೂ ಬೆಕ್ಕಿನ ಡಾಕ್ಟರ ಹತ್ತಿರ ಒಯ್ದೆವು. ಸಣಕಲು ಹೆಂಗಸು, ಮೊಣಕೈವರೆಗೂ ಪರಚಿದ ಗೆರೆ. ನನ್ನ ಹಾಗೆಯೇ ಬಾಯಿ ಜೋರು. ನಮ್ಮಿಬ್ಬರನ್ನೂ ಎದುರು ಕೂರಿಸಿ ಶಾಲೆ ಮಕ್ಕಳಿಗೆ ಹೇಳುವಂತೆ ಹೇಳಿದರು.

"ಇವುಗಳನ್ನ ಒಂದೇ ಸಲ ಎದುರುಬದುರು ಬಿಡೋದು ಅಂದ್ರೆ ಮನೆಗೆ ಕಳ್ಳನ್ನ ನುಗ್ಗಿಸಿದ ಹಾಗೆ. ಬೇರೆ ಬೇರೆ ಕೋಣೆ. ಬೇರೆ ಬೇರೆ ನೀರು, ಉಚ್ಚೆ ಕಕ್ಕಸಿಗೆ ಬೇರೆ ಬೇರೆ ಮರಳಿನ ಟ್ರೇ. ಮುಚ್ಚಿದ ಬಾಗಿಲಿನ ಆ ಕಡೆ ಒಂದಕ್ಕೆ ಊಟ, ಈ ಕಡೆ ಒಂದಕ್ಕೆ. ಇದರ ಹಾಸಿಗೆ ಬಟ್ಟೆ ಅದಕ್ಕೆ, ಅದರದು ಇದಕ್ಕೆ. ಮೊದ್ಲು ವಾಸನೆ ಪರಿಚಯ ಆಗ್ಲಿ, ಮುಖ ಆಮೇಲೆ. ತಿಂಗಳು, ಎರಡು ತಿಂಗಳು, ಎಷ್ಟಾದ್ರೂ ಆಗ್ಲಿ."

"ಆಮೇಲೂ ಆಗಿಬರದಿದ್ರೆ?" ಎಂದು ಕೇಳಿದೆ.

"ಆಗ ಒಂದನ್ನ ಒಳ್ಳೆ ಮನೆ ನೋಡಿ ಕೊಡಿ. ಅದೂ ಜವಾಬ್ದಾರಿನೇ, ಕೈಬಿಟ್ಟ ಹಾಗಲ್ಲ."

ಅತ್ತಿಗೆ ಕ್ರೇಟನ್ನು ತೊಡೆಯ ಮೇಲೆ ಇನ್ನಷ್ಟು ಹತ್ತಿರ ಎಳೆದುಕೊಂಡರು. "ಅವರು ಬಿಟ್ಟು ಹೋಗಿರೋದು ಇದೊಂದೇ ಡಾಕ್ಟ್ರೇ" ಎಂದರು. ಡಾಕ್ಟರು ಆ ಮಾತು ಅಲ್ಲಿಗೇ ಬಿಟ್ಟು ಇಂಜಿನ್‌ನ ಹೊಟ್ಟೆ ಒತ್ತಿ ನೋಡಿದರು.

"ಇನ್ನೊಂದು ವಿಷಯ, ಕಿವಿಗೊಟ್ಟು ಕೇಳಿ. ಗಂಡು ಬೆಕ್ಕು, ದಪ್ಪ ಇದೆ, ಹೆದರಿದೆ. ಇಂಥವಕ್ಕೆ ಮೂತ್ರ ಕಟ್ಕೊಳ್ಳುತ್ತೆ. ಉಚ್ಚೆ ಬಿದ್ದ ಕಡೆ ಮರಳು ಉಂಡೆ ಕಟ್ಟುತ್ತೆ, ಟ್ರೇ ಬಳಿಯೋವಾಗ ಅಂಥ ಉಂಡೆ ಎಷ್ಟಿದೆ ನೋಡಿ. ದಿನಕ್ಕೆ ಮೂರು ನಾಲ್ಕು ಇರ್ಬೇಕು. ಕಮ್ಮಿ ಆದ್ರೆ ಫೋನ್ ಮಾಡಿ. ಒಂದು ದಿನ ಏನೂ ಇಲ್ಲ ಅಂದ್ರೆ ಫೋನೂ ಬೇಡ, ಎತ್ಕೊಂಡು ಓಡಿ ಬನ್ನಿ. ಬ್ಲಾಕ್ ಆದ್ರೆ ಎರಡು ದಿನ, ಮೂರು ದಿನ, ಅಷ್ಟೇ ಟೈಮ್ ಇರೋದು."

ನನಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಟ್ಟೆಪಾಡೇ ಅದು.

ಮನೆಗೆ ಬಂದು ಎಲ್ಲ ಹೇಳಿದಂತೆಯೇ ಮಾಡಿದೆವು. ಒಳಗಿನ ಕೋಣೆ ಅತ್ತಿಗೆಗೂ ಇಂಜಿನ್‌ಗೂ. ಅವರು ಅಲ್ಲಿಯೇ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಆಲ್ಟರೇಷನ್ ಕೆಲಸ ಹಿಡಿದರು. ಪ್ಯಾಂಟು ಕತ್ತರಿಸುವುದು, ಜಿಪ್ ಬದಲಿಸುವುದು, ದಪ್ಪಗಾದವರಿಗೆ ಬಿಚ್ಚಿಕೊಡುವುದು, ಸಣ್ಣಗಾದವರಿಗೆ ಹಿಡಿದುಕೊಡುವುದು. ಹಜಾರ, ಅಡುಗೆಮನೆ ಮತ್ತು ನಾನು ಮೇಡಂಗೆ ಸೇರಿದವರು. ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರಬೇಕು. ಅದರ ಕೆಳಗಿನ ಸಂದಿಯಲ್ಲಿ ಎರಡೂ ಕಡೆಯಿಂದ ಮೂಗುಗಳು ಬರತೊಡಗಿದವು. ಮೊದಲ ವಾರ ಬುಸುಗುಟ್ಟಿದವು. ಎರಡನೆಯ ವಾರ ಬುಸುಗುಟ್ಟುವುದಕ್ಕೂ ಬೇಸರವಾದಂತೆ ಸುಮ್ಮನೆ ಮೂಸಿ ಹೋದವು.

ಇಂಜಿನ್‌ನ ಟ್ರೇ ಬಳಿಯುವುದನ್ನು ಹಂಚಿಕೊಂಡಿದ್ದೆವು. ಬೆಳಗ್ಗೆ ಆರಕ್ಕೆ ಅತ್ತಿಗೆ ಹಾಲು ತರಲು ಕೆಳಗೆ ಹೋಗಿ ಒಂದು ಸುತ್ತು ನಡೆದು ಬರುತ್ತಿದ್ದರು. ಆ ಹೊತ್ತಿನಲ್ಲಿ ನಾನು ಅವರ ಕೋಣೆಗೆ ಹೋಗಿ ಬಳಿಯುತ್ತಿದ್ದೆ. ಸಂಜೆ ಏಳಕ್ಕೆ ಅವರು ಬಳಿಯುತ್ತಿದ್ದರು. ತೂತಿನ ಸೌಟಿನಂಥ ಪ್ಲಾಸ್ಟಿಕ್ ಚಮಚದಲ್ಲಿ ಎತ್ತಿದರೆ ಒಣ ಮರಳು ಕೆಳಗೆ ಸೋರಿ ಒದ್ದೆ ಉಂಡೆ ಮೇಲೆ ಉಳಿಯುತ್ತದೆ. ಅದನ್ನು ಬಾಲ್ಕನಿಯಲ್ಲಿ ಇಂಜಿನ್‌ಗೆಂದೇ ಇಟ್ಟಿದ್ದ ಮುಚ್ಚಳದ ಬಕೆಟ್ಟಿಗೆ ಹಾಕುವುದು; ಮೇಡಂದಕ್ಕೆ ಬಚ್ಚಲಿನಲ್ಲಿ ಬೇರೆ ಡಬ್ಬ. ಬಕೆಟ್ಟಿನಲ್ಲಿ ಕಟ್ಟಿದ ಚೀಲವನ್ನು ಶನಿವಾರ ಕೆಳಗೆ ಒಯ್ಯುವುದು. ಬಳಿದವರು ಬಾಯಿಬಿಟ್ಟು ಹೇಳಬೇಕು ಎನ್ನುವುದು ನನ್ನ ಕಾನೂನು.

ಅತ್ತಿಗೆ ಹಾಲು ಹಿಡಿದು ಒಳಗೆ ಕಾಲಿಡುತ್ತಿದ್ದಂತೆ "ಎಷ್ಟು?" ಎನ್ನುತ್ತಿದ್ದರು.

"ಎರಡು."

ಸಂಜೆ ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ. "ಎಷ್ಟು?"

"ಎರಡು ದೊಡ್ಡದು, ಒಂದು ಮರಿ."

ನಗಬೇಡಿ, ನಮ್ಮ ಸಂಸಾರದ ಮಾತುಕತೆ ಶುರುವಾದದ್ದು ಹೀಗೆ. ಅಲ್ಲಿಯವರೆಗೆ ನಾವಿಬ್ಬರೂ ಒಂದೇ ಮನೆಯಲ್ಲಿ ಎರಡು ಬಾಡಿಗೆದಾರರಂತೆ ಇದ್ದೆವು. "ಎಷ್ಟು?" ಎಂದು ಕೇಳಿದ ಮೇಲೆ "ಚಹಾ ಇಡ್ಲಾ?" ಬರುತ್ತಿತ್ತು. ಚಹಾ ಆದ ಮೇಲೆ ಯಾರೋ ಗಿರಾಕಿ ಸೊಂಟದ ಅಳತೆ ಕೊಡುವಾಗ ಉಸಿರು ಬಿಗಿಹಿಡಿದ ಕಥೆ ಬರುತ್ತಿತ್ತು. ಅತ್ತಿಗೆ ಇಷ್ಟು ಚೆನ್ನಾಗಿ ಅಣಕಿಸುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಮೂರನೆಯ ವಾರ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದು, ಆಚೆಯಿಂದ ಅವರು, ಈಚೆಯಿಂದ ನಾನು ನೆಲದ ಮೇಲೆ ಕುಳಿತು ಎರಡಕ್ಕೂ ಮೀನಿನ ಚೂರು ತಿನ್ನಿಸಿದೆವು. ಸಂದಿಯಲ್ಲಿ ಒಂದು ಹಳದಿ ಕಣ್ಣು ಒಂದು ಹಸಿರು ಕಣ್ಣನ್ನು ನೋಡಿತು, ತಿನ್ನುವುದನ್ನು ನಿಲ್ಲಿಸಲಿಲ್ಲ. ಅತ್ತಿಗೆ ಆಚೆಯಿಂದ "ಅವರಿರ್ಬೇಕಿತ್ತು" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಐದನೆಯ ವಾರದ ಮಂಗಳವಾರ ಲ್ಯಾಬಿನಲ್ಲಿ ಒಂದು ಯಂತ್ರ ಕೆಟ್ಟು, ರಿಪೋರ್ಟು ತಡವಾಗಿ, ಸಾಲಿನಲ್ಲಿದ್ದವರೆಲ್ಲ ನನ್ನ ಮೇಲೆ ಹಾರಾಡಿ, ನಾನು ಅವರ ಮೇಲೆ ಹಾರಾಡಿ, ಏಳು ಗಂಟೆಗೆ ಮನೆ ಸೇರಿದೆ. ಬೀಗ ತೆಗೆದರೆ ಮೇಡಂ ಬೀರುವಿನ ಮೇಲೆ ಮುದುಡಿ ಕುಳಿತಿದ್ದಾಳೆ. ಎಡಗಣ್ಣು ಮುಚ್ಚಿದೆ. ರೆಪ್ಪೆಯ ಮೇಲೆ ಒಣಗಿದ ರಕ್ತ. ನೆಲದ ಮೇಲೆ ಅಲ್ಲಲ್ಲಿ ಹಳದಿ ಕೂದಲು.

ಒಳಗಿನ ಕೋಣೆಯಿಂದ ಅತ್ತಿಗೆ ಬಂದರು. ಕೈಯಲ್ಲಿ ಟ್ರೇ ಬಳಿಯುವ ಚಮಚ ಹಾಗೇ ಇತ್ತು. ಏನೋ ಹೇಳಲು ಬಾಯಿ ತೆರೆದರು.

"ಬಾಗಿಲು ಯಾರು ತೆಗೆದಿದ್ದು?" ಎಂದೆ.

"ಬೆಳಗ್ಗೆ ಒಬ್ಬರು ಪ್ಯಾಂಟು ಹಾಕಿ ನೋಡೋಕೆ ಬಂದಿದ್ರು. ಹೊರಡೋವಾಗ ಬಾಗಿಲು ಸರಿಯಾಗಿ ಎಳ್ಕೊಂಡಿಲ್ಲ. ನಾನು ಸೂಜಿಗೆ ದಾರ ಪೋಣಿಸ್ತಿದ್ದೆ, ಅಷ್ಟರಲ್ಲಿ ಇವಳು..."

"ಅಷ್ಟರಲ್ಲಿ! ಐದು ವಾರ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ? ಅವಳ ಕಣ್ಣು ನೋಡಿದ್ರಾ? ಬೆಳಗ್ಗೆ ಆಗಿದ್ದಕ್ಕೆ ಇಷ್ಟು ಹೊತ್ತಿನವರೆಗೆ ಏನ್ಮಾಡ್ತಿದ್ರಿ?"

"ನಿನಗೆ ಫೋನ್ ಮಾಡಿದ್ದೆ, ನೀನು ತೆಗೀಲಿಲ್ಲ. ರಕ್ತ ನಿಂತಿತ್ತು. ಸಂಜೆ ನೀನು ಬಂದ ಮೇಲೆ ನೋಡೋಣ ಅಂತ..."

ಸಂಜೆ ನೋಡೋಣ. ಆ ಎರಡು ಮಾತು ಕೇಳಿದ್ದೇ ನನ್ನ ತಲೆಯೊಳಗೆ ಏನೋ ಕಳಚಿಬಿತ್ತು. ಅಣ್ಣ ಹೋದ ದಿನ ಮಧ್ಯಾಹ್ನ ಎದೆಯುರಿ ಎಂದಿದ್ದನಂತೆ. ಗ್ಯಾಸು ಇರಬೇಕು, ಸಂಜೆ ನೋಡೋಣ ಎಂದುಕೊಂಡರಂತೆ. ಸಂಜೆಗೆ ಅವನಿರಲಿಲ್ಲ. ಇದನ್ನು ಅತ್ತಿಗೆಯೇ ಅತ್ತು ಅತ್ತು ನನಗೆ ಹೇಳಿದ್ದರು. ನಂಬಿ ಹೇಳಿದ್ದ ಮಾತು.

"ಅಣ್ಣನ್ನೂ ಹೀಗೇ ತಾನೇ ನೋಡ್ಕೊಂಡಿದ್ದು ನೀವು? ಸಂಜೆ ನೋಡೋಣ ಅಂತ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತಿಗೆಯ ಬಾಯಿ ತೆರೆದೇ ಇತ್ತು, ಆದರೆ ಅವರು ಹೇಳಲು ಬಂದದ್ದು ಹೊರಗೆ ಬರಲಿಲ್ಲ. ಕೈಯಲ್ಲಿದ್ದ ಚಮಚವನ್ನು ಒಮ್ಮೆ ನೋಡಿಕೊಂಡರು. ಬಾಲ್ಕನಿಗೆ ಹೋಗಿ ಬಕೆಟ್ಟಿನ ಮುಚ್ಚಳ ತೆಗೆದು ಹಾಕಿದ ಸದ್ದು ಕೇಳಿಸಿತು. ವಾಪಸು ಬಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು, ಮೆತ್ತಗೆ.

ಮೇಡಂ ಕಣ್ಣಿಗೆ ಏನೂ ಆಗಿರಲಿಲ್ಲ. ರೆಪ್ಪೆ ಮಾತ್ರ ಪರಚಿಹೋಗಿತ್ತು. ಬಿಸಿನೀರಿನಲ್ಲಿ ಒರೆಸಿದ ಐದು ನಿಮಿಷಕ್ಕೆ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ಅಷ್ಟರಲ್ಲಿ ನಾನು ಆಡಬಾರದ್ದನ್ನು ಆಡಿ ಮುಗಿಸಿದ್ದೆ.

ಎದ್ದು ಹೋಗಿ ಆ ಬಾಗಿಲು ತಟ್ಟಿ, ತಪ್ಪಾಯಿತು ಎನ್ನಬೇಕಿತ್ತು. ಇಪ್ಪತ್ತಾರು ವರ್ಷ ಕಿಟಕಿಯ ಈಚೆ ಕುಳಿತವಳಿಗೆ ಆಚೆ ನಿಂತು ಬೇಡುವುದು ಬರುವುದಿಲ್ಲ. ನನ್ನ ಜಂಬಕ್ಕೆ ಬೆಂಕಿ ಬೀಳಲಿ. ಬೆಳಗ್ಗೆ ಹೇಳೋಣ ಎಂದುಕೊಂಡು ಮಲಗಿದೆ.

ಬುಧವಾರ ಬೆಳಗ್ಗೆ ಆರಕ್ಕೆ ಅತ್ತಿಗೆ ನನ್ನ ಮುಖ ನೋಡದೆ ಕೆಳಗೆ ಹೋದರು. ನಾನು ಕೋಣೆಗೆ ಹೋದೆ. ಇಂಜಿನ್ ಮಂಚದ ಕೆಳಗಿದ್ದ. ಟ್ರೇ ನೋಡಿದರೆ ಮರಳು ಕೆದರಿದೆ, ಉಂಡೆ ಒಂದೂ ಇಲ್ಲ. ಚಮಚದಿಂದ ಮೂಲೆ ಮೂಲೆ ಎಳೆದೆ. ಏನೂ ಇಲ್ಲ. ಓಹೋ, ನಾನು ತಮ್ಮ ಕೋಣೆಗೆ ಬರಬಾರದೆಂದು ಅತ್ತಿಗೆ ಎದ್ದ ಕೂಡಲೇ ತಾವೇ ಬಳಿದಿದ್ದಾರೆ ಎಂದುಕೊಂಡೆ. ಮೊದಲು ಸಿಟ್ಟು ಬಂತು. ಬಸ್ಸಿನಲ್ಲಿ ಕುಳಿತ ಮೇಲೆ ಯೋಚನೆ ಬೇರೆ ದಾರಿ ಹಿಡಿಯಿತು. ಅಂಥ ಮಾತು ಕೇಳಿದ ಮೇಲೂ ಎದ್ದು ನನ್ನ ಪಾಲಿನ ಕೆಲಸ ಮಾಡಿದ್ದಾರಲ್ಲ, ದೊಡ್ಡ ಮನಸ್ಸು ಎಂದುಕೊಂಡೆ. ಲ್ಯಾಬಿನಲ್ಲಿ ಆ ದಿನ ಯಾರನ್ನೂ ಬೈಯಲಿಲ್ಲ. ಸಂಜೆ ಬರುವಾಗ ಅವರ ಯಂತ್ರಕ್ಕೆ ಬೇಕೆಂದು ಹಿಂದಿನ ವಾರ ಹೇಳಿದ್ದ ಎಣ್ಣೆಯ ಬಾಟಲಿ, ಬಿಳಿ ಕಪ್ಪು ದಾರದ ಉಂಡೆ ಎರಡೆರಡು ತಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ.

ಎಂಟು ಗಂಟೆಗೆ ಅಡುಗೆಮನೆಗೆ ಹೋದರೆ ನನ್ನ ಲೋಟದಲ್ಲಿ ಚಹಾ ಮುಚ್ಚಿಟ್ಟಿತ್ತು. ಮಾತಿಲ್ಲ, ಚಹಾ ಮಾತ್ರ. ಸಕ್ಕರೆ ನನಗೆ ಬೇಕಾದಷ್ಟೇ ಇತ್ತು.

ಗುರುವಾರ ಬೆಳಗ್ಗೆಯೂ ಟ್ರೇ ಹಾಗೇ. ಮರಳು ಕೆದರಿದೆ, ಉಂಡೆಯಿಲ್ಲ. ಈ ಸಲ ಮೂಲೆಗಳನ್ನೂ ನೋಡಲಿಲ್ಲ, ಬಾಗಿಲಿನಿಂದಲೇ ನೋಡಿ ತಿರುಗಿದೆ. ಮನಸ್ಸು ತುಂಬಿ ಬಂದಿತ್ತು. ಆ ಹೊತ್ತಿಗೆ ಇಂಜಿನ್ ಮಂಚದ ಕೆಳಗಿನಿಂದ ಒಂದು ಸಣ್ಣ ಸ್ವರ ಮಾಡಿದ. "ಏನೋ, ಬೆಳಗ್ಗೇನೇ ರಾಗ?" ಎಂದು ಹೇಳಿ ಬಾಗಿಲು ಎಳೆದುಕೊಂಡೆ. ಹೀಗೆ ಹೇಳಿ ಬಂದವಳು ನಾನು. ಮೈಕ್ರೋಸ್ಕೋಪಿನಲ್ಲಿ ಒಂದು ಕಣ ಬಿಡದೆ ಎಣಿಸುವವಳು.

ಸಂಜೆ ಬಂದರೆ ನನ್ನ ಹರಿದ ಲ್ಯಾಬ್ ಕೋಟಿನ ಜೇಬು ಹೊಲಿದು ಮಡಚಿ ಹಾಸಿಗೆಯ ಮೇಲಿಟ್ಟಿದ್ದರು. ನಾಳೆ ಖಂಡಿತ ಮಾತಾಡುತ್ತೇನೆ ಎಂದು ಆ ಜೇಬಿನಲ್ಲಿ ಕೈ ಹಾಕಿಕೊಂಡು ನಿರ್ಧರಿಸಿದೆ.

ಶುಕ್ರವಾರ ಬೆಳಗ್ಗೆ ಕೋಣೆಗೆ ಹೋದಾಗ ಇಂಜಿನ್ ಟ್ರೇಯಲ್ಲೇ ಇದ್ದ. ಕುಳಿತಿರಲಿಲ್ಲ, ಮಲಗಿದ್ದ. ಮುಖ ಮರಳಿನಲ್ಲಿತ್ತು. ಮುಟ್ಟಿದರೆ ಮೈ ತಣ್ಣಗೆ. ಪಕ್ಕದಲ್ಲಿ ಹಳದಿ ನೀರಿನಂಥ ವಾಂತಿ. ಹೊಟ್ಟೆಯ ಕೆಳಗೆ ಕೈ ಹಾಕಿದೆ. ಮೂತ್ರ ಕಟ್ಟಿ ಉಬ್ಬಿದ ಚೀಲ, ಮುಷ್ಟಿ ಗಾತ್ರದ್ದು, ಕಲ್ಲಿನಂತೆ ಗಟ್ಟಿ. ಒತ್ತಿದ ಕೂಡಲೇ ಅವನು ಕೂಗಿದ ಕೂಗಿಗೆ ಹಜಾರದಲ್ಲಿದ್ದ ಮೇಡಂ ಓಡಿಹೋಗಿ ಬೀರು ಹತ್ತಿದಳು.

ಅತ್ತಿಗೆ ಹಾಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಎಷ್ಟು ಹೊತ್ತಾಯ್ತು ಹೀಗೆ ಮಲಗಿ?" ಎಂದೆ.

"ಈಗ ಹೋಗೋವಾಗ ಕೆದರ್ತಿದ್ದ. ರಾತ್ರಿಯೆಲ್ಲಾ ಮರಳು ಕೆದರೋ ಸದ್ದು ಕೇಳಿಸ್ತಿತ್ತು. ಪಾಪ, ಹೋಗಿ ಬರ್ತಿದಾನೆ ಅಂದ್ಕೊಂಡೆ."

"ನಿನ್ನೆ ನೀವು ಬಳಿದಾಗ ಎಷ್ಟಿತ್ತು?"

ಅತ್ತಿಗೆ ನನ್ನನ್ನು ನೋಡಿದರು. "ನಾನೆಲ್ಲಿ ಬಳಿದೆ? ಸಂಜೆ ನಾನು ಅಡುಗೆಮನೆ ಕೆಲಸ ಮುಗಿಸಿ ಬರೋಷ್ಟರಲ್ಲಿ ನೀನೇ ಎಲ್ಲ ತೆಗೆದಿರ್ತಿದ್ದೆ ಅಲ್ವಾ? ಮೊನ್ನೆ ಸಂಜೆ, ನಿನ್ನೆ ಸಂಜೆ."

"ನಾನು ತೆಗೀಲಿಲ್ಲ ಅತ್ತಿಗೆ. ಬೆಳಗ್ಗೆ ಬಂದ್ರೆ ಖಾಲಿ ಇರ್ತಿತ್ತು. ನೀವು..."

ಹಾಲಿನ ಚೀಲ ನೆಲಕ್ಕೆ ಬಿತ್ತು. ಅತ್ತಿಗೆ ಮಂಚದ ಮೇಲಿನ ಬೆಡ್‌ಶೀಟು ಎಳೆದು ಅವನನ್ನು ಸುತ್ತಿದರು. ಕ್ರೇಟು ಹುಡುಕುವಷ್ಟು ಪುರುಸೊತ್ತಿರಲಿಲ್ಲ.

ಬೆಕ್ಕಿನ ಡಾಕ್ಟರು ಬಾಗಿಲು ತೆಗೆಯುವ ಮುಂಚೆಯೇ ನಾವು ಮೆಟ್ಟಿಲ ಮೇಲೆ ಕುಳಿತಿದ್ದೆವು. ಅವರು ಬೆಡ್‌ಶೀಟು ಸರಿಸಿ ಒಮ್ಮೆ ಹೊಟ್ಟೆ ಮುಟ್ಟಿದರು, ನಮ್ಮ ಮುಖ ನೋಡಿದರು.

"ಯಾವಾಗಿಂದ?"

ನಾನು ಅತ್ತಿಗೆಯನ್ನು ನೋಡಲಿಲ್ಲ. "ಮಂಗಳವಾರ ಸಂಜೆಯಿಂದ ಇರ್ಬೇಕು" ಎಂದೆ.

"ಇವತ್ತು ಶುಕ್ರವಾರ. ನಾನು ಹೇಳಿದ್ದೆ ಅಲ್ವಾ? ನೀವು ಲ್ಯಾಬಲ್ಲಿ ಕೆಲಸ ಮಾಡೋರು ಅಲ್ವಾ?" ಎಂದರು. ಅವರಿಗೆ ಸಿಟ್ಟು ಬಂದಿತ್ತು. ಬರಬೇಕಾದದ್ದೇ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ನಾನು ಆ ಕತ್ತಲಲ್ಲಿ ನಿಂತು ತಲೆ ತಗ್ಗಿಸಿದೆ. ಖಾಲಿ ಡಬ್ಬಿ ಹಿಡಿದು ನನ್ನ ಕಿಟಕಿಗೆ ಬರುವವರು ನಿಲ್ಲುವಂತೆ.

ರಕ್ತ ತೆಗೆದು ಅಲ್ಲೇ ಇದ್ದ ಪುಟ್ಟ ಯಂತ್ರಕ್ಕೆ ಹಾಕಿದರು. ಚೀಟಿ ಹೊರಬರುವಾಗ ನಾನು ಹತ್ತಿರವಿದ್ದೆ. ಐದರ ಆಸುಪಾಸು ಇರಬೇಕಾದ, ಏರಿದರೆ ಹೃದಯವನ್ನೇ ನಿಲ್ಲಿಸುವ ಪೊಟ್ಯಾಸಿಯಂ ಒಂಬತ್ತು ದಾಟಿತ್ತು. ಮನುಷ್ಯರ ಚೀಟಿಯಲ್ಲಿ ಈ ಅಂಕಿ ಕಂಡರೆ ನಾನು ರಿಪೋರ್ಟು ಬರೆಯುತ್ತಾ ಕೂರುವುದಿಲ್ಲ, ಫೋನಿಗೆ ಓಡುತ್ತೇನೆ. ಬೆಕ್ಕಿಗೂ ಹೃದಯ ಅದೇ ಮಾಂಸದ್ದು. ಅತ್ತಿಗೆ ನನ್ನ ತೋಳು ಹಿಡಿದು, "ಏನಂತೆ? ನಿನಗೆ ಗೊತ್ತಾಗುತ್ತಲ್ಲ, ಏನಂತೆ ಹೇಳು" ಎಂದರು.

"ಡಾಕ್ಟ್ರು ಟ್ರೈ ಮಾಡ್ತಾರೆ" ಎಂದೆ.

ಮಾಡಿದರು, ಏನೂ ಕಡಿಮೆ ಮಾಡಲಿಲ್ಲ. ಮುಂಗಾಲಿಗೆ ಸೂಜಿ, ಹೃದಯಕ್ಕೆ ಔಷಧ, ಕೆಳಗೆ ನೂಲಿನಷ್ಟು ಸಣ್ಣ ಕೊಳವೆ. ಮರಳಿನ ಕಣದಂಥದ್ದು ಅಡ್ಡ ಸಿಕ್ಕಿಕೊಂಡಿತ್ತಂತೆ. ಹತ್ತೂವರೆಗೆ ಕೊಳವೆ ಒಳಗೆ ಹೋಯಿತು. ಕೆಂಪು ಬಣ್ಣದ ಮೂತ್ರ ಬಾಟಲಿಗೆ ಇಳಿಯತೊಡಗಿದಾಗ ಅತ್ತಿಗೆ "ಬಂತು, ಬಂತು" ಎಂದು ನನ್ನ ಕೈ ಹಿಸುಕಿದರು. ನಾನೂ ನಂಬಿದೆ. ಅಂಕಿ ನೋಡಿಯೂ ನಂಬಿದೆ. ಹನ್ನೊಂದು ಗಂಟೆಗೆ ಅವನ ಎದೆಯ ಮೇಲಿದ್ದ ಡಾಕ್ಟರ ಬೆರಳುಗಳು ನಿಂತವು. ಇನ್ನೊಂದು ಸೂಜಿ ಚುಚ್ಚಿ ಎದೆ ಒತ್ತಿದರು, ಎಷ್ಟೋ ಹೊತ್ತು ಒತ್ತಿದರು. ಬಾಟಲಿಗೆ ಮೂತ್ರ ಇನ್ನೂ ಹನಿಯುತ್ತಿತ್ತು.

ಅತ್ತಿಗೆ ಅವನ ಗಂಟಲ ಕೆಳಗೆ ಎರಡು ಬೆರಳಿಟ್ಟರು. ಗುರುಗುರು ಎನ್ನುವಾಗ ಅಣ್ಣ ಮುಟ್ಟಿ ನೋಡುತ್ತಿದ್ದ ಜಾಗ ಅದು.

"ಆಫ್ ಆಯ್ತು" ಎಂದರು.

ಮನೆಗೆ ಬರುವಾಗ ಆಟೋದಲ್ಲಿ ಬೆಡ್‌ಶೀಟು ಅವರ ತೊಡೆಯ ಮೇಲಿತ್ತು, ಖಾಲಿ. ಅವನನ್ನು ಹೂಳಲು ಡಾಕ್ಟರು ತಮ್ಮ ಹಿತ್ತಿಲಿನಲ್ಲೇ ಜಾಗ ಕೊಟ್ಟಿದ್ದರು. ಮೂರನೆಯ ಮಹಡಿಯವರಿಗೆ ಮಣ್ಣೆಲ್ಲಿ? ಬಾಗಿಲು ತೆಗೆದಾಗ ಮೇಡಂ ಬೀರುವಿನಿಂದ ಇಳಿದು ಬಂದಳು. ಒಳಗಿನ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಮುಚ್ಚಬೇಕೆಂದು ನನ್ನ ಕೈ ತಾನಾಗಿ ಮುಂದೆ ಹೋಯಿತು. ಯಾರಿಂದ ಯಾರನ್ನು ಕಾಯಲು? ಕೈ ಹಿಂದೆ ತೆಗೆದೆ. ಅವಳು ನಿಧಾನವಾಗಿ ಒಳಗೆ ಹೋಗಿ ಮಂಚದ ಕೆಳಗೆ, ಯಂತ್ರದ ಕೆಳಗೆ, ಟ್ರೇಯ ಸುತ್ತ ಮೂಸಿದಳು. ಐದು ವಾರ ಕಷ್ಟಪಟ್ಟು ಪರಿಚಯ ಮಾಡಿಸಿದ್ದ ವಾಸನೆ. ಬುಸುಗುಟ್ಟಲಿಲ್ಲ.

ಚೆಲ್ಲಿದ ಹಾಲು ಒರೆಸಿದೆ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಬಾಲ್ಕನಿಗೆ ಹೋಗಿ ಬಕೆಟ್ಟಿನ ಮುಚ್ಚಳ ತೆಗೆದೆ. ಮೂರು ದಿನದಲ್ಲಿ ಒಂದೇ ಒಂದು ಸಲ ತೆಗೆದು ನೋಡಿದ್ದರೆ ಸಾಕಿತ್ತು. ಚೀಲದಲ್ಲಿ ಹಳೆಯವು ಒಣಗಿ ಬೂದಿಯಾಗಿದ್ದವು. ಅವುಗಳ ಮೇಲೆ ಕೊನೆಯದೊಂದು ಗೋಲಿಯಷ್ಟು ದಪ್ಪದ ಉಂಡೆ ಬಿದ್ದಿತ್ತು.

ಅತ್ತಿಗೆ ಬಂದು ನನ್ನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತರು. ಅಳುವುದು ಮುಗಿಸಿ ಬಂದಿದ್ದರು. ನಾನು ಶುರುವೇ ಮಾಡಿರಲಿಲ್ಲ.

"ಒಂದು ಮಾತು ಹೇಳ್ಲಾ?" ಎಂದರು. "ಈ ಎರಡು ದಿನ ನನ್ನ ಮನಸ್ಸಿಗೆ ಎಷ್ಟು ಹಗುರ ಆಗಿತ್ತು ಗೊತ್ತಾ? ದಿನವೆಲ್ಲಾ ದುಡಿದು ಬಂದು, ನನ್ನ ಮೇಲೆ ಅಷ್ಟು ಸಿಟ್ಟಿದ್ರೂ, ನನ್ನ ಕೆಲಸಾನೂ ನೀನೇ ಮಾಡ್ತಿದೀಯ ಅಂದ್ಕೊಂಡಿದ್ದೆ. ಅವರ ವಿಷಯದಲ್ಲಿ ನೀನು ನನ್ನ ಕ್ಷಮಿಸ್ಬಿಟ್ಟೆ ಅಂತ."

"ನಾನೂ ಅದನ್ನೇ ಅಂದ್ಕೊಂಡಿದ್ದೆ ಅತ್ತಿಗೆ. ನೀವು ನನ್ನನ್ನ."

ಕೆಳಗೆ ಯಾವುದೋ ವ್ಯಾನು ಹಾರ್ನ್ ಹಾಕುತ್ತಾ ಹೋಯಿತು. ಅತ್ತಿಗೆ ಬಕೆಟ್ಟಿನೊಳಗೆ ಬಗ್ಗಿ ಆ ಗೋಲಿಯಂಥದ್ದನ್ನು ನೋಡಿದರು.

"ಇದು ಮಂಗಳವಾರ ಸಂಜೆದು" ಎಂದರು. "ಚಮಚ ಕೈಯಲ್ಲಿ ಹಿಡ್ಕೊಂಡೇ ಹೊರಗೆ ಬಂದಿದ್ದೆ ನೋಡು, ನೀನು ಬಂದ ಸದ್ದು ಕೇಳಿ. ಇವತ್ತು ಒಂದೇ ಇದೆ, ಅದೂ ಇಷ್ಟೇ ಇಷ್ಟು, ಡಾಕ್ಟರಿಗೆ ಫೋನ್ ಮಾಡೋಣ ಅಂತ ನಿನಗೆ ಹೇಳೋಕೆ."

ನಾನು ಅವರ ಕಾಲು ಹಿಡಿದುಕೊಂಡೆ. ಅತ್ತಿಗೆ ಬಿಡಿಸಿಕೊಳ್ಳಲಿಲ್ಲ, ನನ್ನ ತಲೆ ನೇವರಿಸಲೂ ಇಲ್ಲ. ಬಕೆಟ್ಟಿನ ಮುಚ್ಚಳವನ್ನು ಮೆಲ್ಲಗೆ ಹಾಕಿದರು.